ವಕೀಲರನ್ನು ಕೇಳುವವರು ಯಾರು? ರಾಜ್ಯ ವಕೀಲರ ಪರಿಷತ್ತು ನಡೆಯುವ ಬಗೆ

ವಕೀಲರ ಪರಿಷತ್ತಿನ ಚುನಾವಣೆ ಬಂತೆಂದರೆ ಯಾವ ತಾಲ್ಲೂಕು ಕೋರ್ಟಿಗೆ ಕಾಲಿಟ್ಟರೂ ಗೊತ್ತಾಗುತ್ತದೆ. ದೂರದ ಜಿಲ್ಲೆಗಳಿಂದ ಬಂದ ಅಭ್ಯರ್ಥಿಗಳು ಕರಿಕೋಟಿನಲ್ಲೇ ಕೈಮುಗಿಯುತ್ತಾ ಓಡಾಡುತ್ತಾರೆ. ಕ್ಯಾಂಟೀನಿನ ಟೇಬಲ್ ಮೇಲೆ ಕೈಚೀಟಿಗಳ ರಾಶಿ. ಒಂದೊಂದರಲ್ಲೂ ಒಂದು ಫೋಟೊ, ಕೆಳಗೆ ‘ನಿಮ್ಮ ಮೊದಲ ಪ್ರಾಶಸ್ತ್ಯದ ಮತ ನನಗೇ ಇರಲಿ’ ಎಂಬ ಬೇಡಿಕೆ. ವಾಯಿದೆಗೆ ಬಂದ ಕಕ್ಷಿದಾರರು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಾರೆ. ಇದು ವಕೀಲರ ಮನೆಯ ಹಬ್ಬ, ನಮಗೇನು ಸಂಬಂಧ ಅಂದುಕೊಂಡು ಸುಮ್ಮನಾಗುತ್ತಾರೆ.

ನಾನೂ ಹಾಗೇ ಅಂದುಕೊಂಡಿದ್ದೆ, ನಮ್ಮ ದೊಡ್ಡಮ್ಮನ ಫೈಲು ಸಿಕ್ಕಿಹಾಕಿಕೊಳ್ಳುವ ತನಕ.

ದೊಡ್ಡಮ್ಮನದು ಜಮೀನಿನ ಪಾಲಿನ ಕೇಸು. ವರ್ಷಗಟ್ಟಲೆ ನಡೆದಿತ್ತು. ವಕೀಲರು ಫೋನ್ ಎತ್ತುವುದು ಕಡಿಮೆಯಾಯಿತು. ಬೇರೆ ವಕೀಲರನ್ನು ಇಟ್ಟುಕೊಳ್ಳೋಣ ಎಂದು ಕೇಸಿನ ಕಟ್ಟು ವಾಪಸ್ ಕೇಳಿದರೆ, ‘ಬಾಕಿ ಫೀಸು ಕೊಟ್ಟು ತಗೊಂಡು ಹೋಗಿ’ ಎಂಬ ಉತ್ತರ ಬಂತು. ಬಾಕಿ ಎಷ್ಟು ಅನ್ನುವುದೇ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಕೊಟ್ಟ ಹಣಕ್ಕೆ ರಸೀದಿಯೂ ಇರಲಿಲ್ಲ. ಮೊದಲು ತಾಲ್ಲೂಕು ವಕೀಲರ ಸಂಘಕ್ಕೆ ಹೋದರು. ಆಮೇಲೆ ಪೊಲೀಸ್ ಠಾಣೆಗೆ. ಯಾರೋ ಹೇಳಿದರೆಂದು ಗ್ರಾಹಕರ ಕೋರ್ಟಿನ ಬಗ್ಗೆಯೂ ವಿಚಾರಿಸಿದರು. ಮೂರೂ ಅವರು ತಟ್ಟಬೇಕಾದ ಬಾಗಿಲಾಗಿರಲಿಲ್ಲ. ತಟ್ಟಬೇಕಾದದ್ದು ಚುನಾವಣೆಯ ಕೈಚೀಟಿಗಳಲ್ಲಿ ಹೆಸರಿದ್ದ ಅದೇ ಪರಿಷತ್ತಿನ ಬಾಗಿಲು.

ಅದಕ್ಕೇ ಈ ಲೇಖನ. ಪರಿಷತ್ತು ಅಂದರೇನು, ಅದರೊಳಗೆ ಯಾರಿರುತ್ತಾರೆ, ಅದರ ಸಮಿತಿಗಳು ಏನು ಮಾಡುತ್ತವೆ ಅನ್ನುವುದನ್ನು ಬುಡದಿಂದ ನೋಡೋಣ.

ಸಂಘ ಬೇರೆ, ಪರಿಷತ್ತು ಬೇರೆ

ಎಲ್ಲರೂ ಎಡವುವುದು ಇಲ್ಲೇ. ಹೆಸರು ಕೇಳಿದರೆ ಎರಡೂ ಒಂದೇ ಅನಿಸುತ್ತದೆ.

ಒಂದು ಆಟೋ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಅಲ್ಲಿ ಚಾಲಕರ ಸಂಘ ಇರುತ್ತದೆ. ಯಾರಿಗಾದರೂ ಕಷ್ಟ ಬಂದರೆ ಹಣ ಕೂಡಿಸುತ್ತದೆ, ನವೆಂಬರಿನಲ್ಲಿ ಬಾವುಟ ಹಾರಿಸುತ್ತದೆ, ಬೇಡಿಕೆ ಇದ್ದರೆ ಮನವಿ ಕೊಡುತ್ತದೆ. ಆದರೆ ಚಾಲಕರಿಗೆ ಲೈಸೆನ್ಸ್ ಕೊಡುವುದು ಸಂಘ ಅಲ್ಲ, ಆರ್‌ಟಿಒ ಕಚೇರಿ. ಲೈಸೆನ್ಸ್ ಅಮಾನತು ಮಾಡುವುದೂ ಅದೇ.

ವಕೀಲರ ಸಂಘ ಆ ಸ್ಟ್ಯಾಂಡಿನ ಸಂಘದ ಹಾಗೆ. ತಾಲ್ಲೂಕಿಗೊಂದು, ಜಿಲ್ಲೆಗೊಂದು ಇರುತ್ತದೆ. ವಕೀಲರೇ ಸೇರಿ ಕಟ್ಟಿಕೊಂಡದ್ದು. ಸಾಮಾನ್ಯವಾಗಿ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತದೆ. ಲೈಬ್ರರಿ, ಕೂರುವ ಜಾಗ, ನ್ಯಾಯಾಧೀಶರ ಜೊತೆ ಮಾತುಕತೆ, ಸದಸ್ಯರ ಕಷ್ಟಸುಖ ಇವೆಲ್ಲ ಅದರ ಕೆಲಸ. ಒಬ್ಬ ವಕೀಲರ ಸನ್ನದು ಕಿತ್ತುಕೊಳ್ಳುವ ಅಧಿಕಾರ ಯಾವ ಸಂಘಕ್ಕೂ ಇಲ್ಲ.

ಸನ್ನದು ಅಂದರೆ ವಕೀಲಿಕೆ ಮಾಡಲು ಸಿಗುವ ಅನುಮತಿ ಪತ್ರ. ಅದನ್ನು ಕೊಡುವುದು ರಾಜ್ಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್. ಇದನ್ನು ಯಾರೋ ಸೇರಿ ಕಟ್ಟಿದ್ದಲ್ಲ. ಸಂಸತ್ತು ಮಾಡಿದ 1961ರ ವಕೀಲರ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿ, ಹಳೇ ಕೆಜಿಐಡಿ ಕಟ್ಟಡದಲ್ಲಿದೆ.

ಆರ್‌ಟಿಒ ಹೋಲಿಕೆ ಇಷ್ಟು ದೂರ ಮಾತ್ರ ಬರುತ್ತದೆ. ಆರ್‌ಟಿಒದಲ್ಲಿ ಕೂತಿರುವುದು ಸರ್ಕಾರಿ ಅಧಿಕಾರಿಗಳು. ಪರಿಷತ್ತಿನಲ್ಲಿ ಕೂತಿರುವುದು ವಕೀಲರೇ, ವಕೀಲರೇ ಆರಿಸಿ ಕಳಿಸಿದವರು. ಸರ್ಕಾರದ ವಿರುದ್ಧವೂ ಎದ್ದು ನಿಂತು ವಾದಿಸಬೇಕಾದವರ ಸನ್ನದು ಸರ್ಕಾರದ ಕೈಯಲ್ಲಿದ್ದರೆ ಹೇಗೆ? ಅದಕ್ಕೇ ಅದನ್ನು ವಕೀಲರ ಕೈಗೇ ಕೊಟ್ಟಿದ್ದಾರೆ. ಅದರ ಜೊತೆಗೇ ಒಂದು ಭಾರವೂ ಬಂತು. ತಮ್ಮವರ ತಪ್ಪನ್ನು ತಾವೇ ವಿಚಾರಿಸಬೇಕು. ಈ ಇಡೀ ವ್ಯವಸ್ಥೆ ನಿಂತಿರುವುದು ಆ ಭಾರ ಹೊರುವವರ ಪ್ರಾಮಾಣಿಕತೆಯ ಮೇಲೆ ಅಂತ ನನಗನಿಸುತ್ತದೆ.

1961ಕ್ಕೆ ಮುಂಚೆ

ಹಳಬರು ಈಗಲೂ ‘ಪ್ಲೀಡರು’ ಅನ್ನುತ್ತಾರೆ. ಅದು ಸುಮ್ನೆ ಬಂದ ಹೆಸರಲ್ಲ. ಬ್ರಿಟಿಷರ ಕಾಲದಲ್ಲಿ ವಕೀಲರು, ಪ್ಲೀಡರುಗಳು, ಮುಖ್ತಾರರು, ಅಟಾರ್ನಿಗಳು ಎಂದು ಹಲವು ದರ್ಜೆಗಳಿದ್ದವು. ಯಾರು ಯಾವ ಕೋರ್ಟಿನಲ್ಲಿ ನಿಲ್ಲಬಹುದು ಅನ್ನುವುದು ದರ್ಜೆಯ ಮೇಲೆ ನಿಂತಿತ್ತು. 1926ರಲ್ಲಿ ಬಾರ್ ಕೌನ್ಸಿಲ್‌ಗಳ ಕಾಯ್ದೆಯೊಂದು ಬಂತಾದರೂ ಪೂರ್ತಿ ಅಧಿಕಾರ ಹೈಕೋರ್ಟುಗಳ ಕೈಯಲ್ಲೇ ಉಳಿಯಿತು. ಸ್ವಾತಂತ್ರ್ಯದ ನಂತರ, 1951ರಲ್ಲಿ, ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು. ದೇಶಕ್ಕೆಲ್ಲ ಒಂದೇ ಬಗೆಯ ವಕೀಲರಿರಲಿ, ರಾಜ್ಯಕ್ಕೊಂದು ಪರಿಷತ್ತು ಇರಲಿ, ಮೇಲೊಂದು ಅಖಿಲ ಭಾರತ ಪರಿಷತ್ತು ಇರಲಿ ಎಂದು ಅದು ಹೇಳಿತು. 1961ರ ಕಾಯ್ದೆ ಬಂದದ್ದು ಆ ದಾರಿಯಲ್ಲೇ.

25 ಮಂದಿ ಮತ್ತು ಅಡ್ವೊಕೇಟ್ ಜನರಲ್

ಪರಿಷತ್ತಿನಲ್ಲಿ ಎಷ್ಟು ಸದಸ್ಯರು ಅನ್ನುವುದನ್ನು ರಾಜ್ಯದ ವಕೀಲರ ಸಂಖ್ಯೆ ನಿರ್ಧರಿಸುತ್ತದೆ. ಮತದಾರ ವಕೀಲರು 5,000ದೊಳಗಿದ್ದರೆ 15 ಮಂದಿ. 10,000ದೊಳಗಿದ್ದರೆ 20. ಅದಕ್ಕೂ ಜಾಸ್ತಿ ಇದ್ದರೆ 25. ಕರ್ನಾಟಕ ದೊಡ್ಡ ರಾಜ್ಯ, ಹಾಗಾಗಿ ಇಲ್ಲಿ 25. ಇವರ ಜೊತೆಗೆ ರಾಜ್ಯದ ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರು, ಇರುತ್ತಾರೆ. ಅವರಿಗೆ ಚುನಾವಣೆ ಇಲ್ಲ. ಆ ಹುದ್ದೆಯಲ್ಲಿರುವ ತನಕ ತಾನಾಗಿಯೇ ಸದಸ್ಯರು.

ಆಯ್ಕೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕನಿಷ್ಠ 10 ವರ್ಷ ವಕೀಲರ ಪಟ್ಟಿಯಲ್ಲಿದ್ದವರಾಗಿರಬೇಕು. ಪರಿಷತ್ತಿನ ಅವಧಿ 5 ವರ್ಷ. ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಸದಸ್ಯರೇ ತಮ್ಮೊಳಗಿಂದ ಆರಿಸಿಕೊಳ್ಳುತ್ತಾರೆ. ಸರಿಯಾದ ಕಾರಣ ಕೊಡದೆ ಸತತ ಮೂರು ಸಭೆ ತಪ್ಪಿಸಿದ ಸದಸ್ಯರ ಸ್ಥಾನ ಹೋಗುತ್ತದೆ.

ಐದು ವರ್ಷ ಮುಗಿದರೂ ಚುನಾವಣೆ ನಡೆಯದಿದ್ದರೆ? ಭಾರತೀಯ ವಕೀಲರ ಪರಿಷತ್ತು ಆರು ತಿಂಗಳ ತನಕ ಅವಧಿ ವಿಸ್ತರಿಸಬಹುದು. ಅದೂ ಮುಗಿದರೆ ಒಂದು ವಿಶೇಷ ಸಮಿತಿ ಬರುತ್ತದೆ. ಅಡ್ವೊಕೇಟ್ ಜನರಲ್ ಅದರ ಅಧ್ಯಕ್ಷರು. ಅವರ ಜೊತೆ ಭಾರತೀಯ ಪರಿಷತ್ತು ನೇಮಿಸಿದ ಇಬ್ಬರು ವಕೀಲರು. ಚುನಾವಣೆ ನಡೆಸುವುದೇ ಆ ಸಮಿತಿಯ ಮುಖ್ಯ ಕೆಲಸ.

ಭಾರತೀಯ ಪರಿಷತ್ತು ಅಂದೆನಲ್ಲ, ಅದು ದೆಹಲಿಯಲ್ಲಿರುವ ಮೇಲಿನ ಸಂಸ್ಥೆ. ಪ್ರತಿ ರಾಜ್ಯ ಪರಿಷತ್ತು ತನ್ನೊಬ್ಬ ಸದಸ್ಯರನ್ನು ಆರಿಸಿ ಅಲ್ಲಿಗೆ ಕಳಿಸುತ್ತದೆ. ಕೇಂದ್ರ ಸರ್ಕಾರದ ಹಿರಿಯ ವಕೀಲರಾದ ಅಟಾರ್ನಿ ಜನರಲ್ ಮತ್ತು ಸಾಲಿಸಿಟರ್ ಜನರಲ್ ಹುದ್ದೆಯ ಬಲದಿಂದ ಸದಸ್ಯರು. ವಕೀಲರ ನಡತೆಯ ನಿಯಮಗಳನ್ನು ಬರೆಯುವುದು, ಕಾನೂನು ಕಾಲೇಜುಗಳ ಮಟ್ಟ ನೋಡಿಕೊಳ್ಳುವುದು, ರಾಜ್ಯ ಪರಿಷತ್ತುಗಳ ತೀರ್ಪಿನ ಮೇಲೆ ಮೇಲ್ಮನವಿ ಕೇಳುವುದು ಅದರ ಕೆಲಸ.

1, 2, 3 ಎಂದು ಬರೆಯುವ ಮತ

ಈ ಚುನಾವಣೆ ನಮ್ಮ ಪಂಚಾಯಿತಿ ಚುನಾವಣೆಯ ಹಾಗಲ್ಲ. ಜಿಲ್ಲೆಗೊಂದು ಕ್ಷೇತ್ರ ಇರುವುದಿಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ. ಬೀದರಿನ ವಕೀಲರು ಮಡಿಕೇರಿಯ ಅಭ್ಯರ್ಥಿಗೆ ಮತ ಹಾಕಬಹುದು. ಅದಕ್ಕೇ ಕಂಡರಿಯದ ಊರಿನವರ ಕೈಚೀಟಿಯೂ ನಮ್ಮೂರ ಕ್ಯಾಂಟೀನಿಗೆ ಬರುವುದು.

ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತದೆ. ಅಲ್ಲಿ ಗುರುತು ಒತ್ತುವುದಿಲ್ಲ, ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯುತ್ತೇವೆ. ಇಲ್ಲೂ ಅದೇ. ಮಗನನ್ನು ಬೇಕರಿಗೆ ಕಳಿಸುವಾಗ ಹೇಳುತ್ತೇವಲ್ಲ, ‘ಬೆಣ್ಣೆ ಬಿಸ್ಕತ್ತು ತಾ, ಅದಿಲ್ಲದಿದ್ದರೆ ಖಾರಾ ಬಿಸ್ಕತ್ತು, ಅದೂ ಇಲ್ಲದಿದ್ದರೆ ಬನ್ನು’ ಎಂದು? ಮೊದಲನೆಯದು ಸಿಗಲಿಲ್ಲವೆಂದು ಅವನು ಬರಿಗೈಯಲ್ಲಿ ಬರಬಾರದು ಅನ್ನುವುದೇ ಉದ್ದೇಶ. ಈ ಮತವೂ ಹಾಗೇ. ಮೊದಲ ಆಯ್ಕೆಯವರಿಗೆ ಅದು ಬೇಡವಾದರೆ ಎರಡನೆಯವರ ಹತ್ತಿರ ಹೋಗುತ್ತದೆ.

ಬೇಡವಾಗುವುದು ಹೇಗೆ? ಎರಡು ರೀತಿ. ಅವರು ಸೋತು ಕಣದಿಂದ ಹೊರಗೆ ಹೋಗಿರಬಹುದು. ಇಲ್ಲವೇ ಗೆಲ್ಲಲು ಬೇಕಾದದ್ದಕ್ಕಿಂತ ಜಾಸ್ತಿ ಮತ ಅವರಿಗೆ ಬಂದಿರಬಹುದು.

ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ಸುಲಭವಾಗಲಿ ಅಂತ ನಾನೇ ಹಿಡಿದುಕೊಂಡವು. ಸಿಂಧುವಾದ ಮತಗಳು 52,000, ಸ್ಥಾನಗಳು 25 ಎಂದಿಟ್ಟುಕೊಳ್ಳಿ. ಸ್ಥಾನಕ್ಕೆ ಒಂದು ಕೂಡಿಸಿ, 26 ಆಯಿತು. 52,000ವನ್ನು 26ರಿಂದ ಭಾಗಿಸಿದರೆ 2,000. ಅದಕ್ಕೆ ಒಂದು ಸೇರಿಸಿದರೆ 2,001. ಇದು ಗೆಲ್ಲಲು ಬೇಕಾದ ಮತ, ಕೋಟಾ ಅನ್ನುತ್ತಾರೆ. ಯಾಕೆ 2,001? ಅಷ್ಟು ಮತ 25 ಜನರಿಗೆ ಬರಬಹುದು, 26ನೆಯವರಿಗೆ ಬರಲು ಸಾಧ್ಯವೇ ಇಲ್ಲ. ಬೇಕಿದ್ದರೆ ಗುಣಿಸಿ ನೋಡಿ, 2,001ರ 26 ಪಟ್ಟು 52,026 ಆಗುತ್ತದೆ. ಅಷ್ಟು ಮತವೇ ಇಲ್ಲ.

ಈಗ ಒಬ್ಬ ಜನಪ್ರಿಯ ವಕೀಲರಿಗೆ 4,002 ಮೊದಲ ಪ್ರಾಶಸ್ತ್ಯದ ಮತ ಬಂತು ಅನ್ನಿ. ಕೋಟಾದ ಎರಡು ಪಟ್ಟು. ಅವರು ಗೆದ್ದಾಯಿತು, ಬಂದ ಮತಗಳಲ್ಲಿ ಅರ್ಧದಷ್ಟು ಉಳಿಯಿತು. ಉಳಿದದ್ದು ವ್ಯರ್ಥವಾಗಬಾರದು. ಹಾಗಾಗಿ ಆ 4,002 ಮತಪತ್ರಗಳಲ್ಲಿ 2 ಎಂದು ಯಾರ ಮುಂದೆ ಬರೆದಿದ್ದಾರೋ ಅವರಿಗೆ, ಪ್ರತಿ ಮತಕ್ಕೆ ಅರ್ಧದ ಬೆಲೆಯಲ್ಲಿ, ಅದು ಹೋಗುತ್ತದೆ. ಹೆಚ್ಚುವರಿ ಹಂಚಿ ಮುಗಿದ ಮೇಲೂ ಸ್ಥಾನ ಉಳಿದಿದ್ದರೆ, ತೀರಾ ಕಡಿಮೆ ಮತ ಬಂದವರನ್ನು ಕಣದಿಂದ ಇಳಿಸಿ ಅವರ ಮತಗಳನ್ನು ಮುಂದಿನ ಆಯ್ಕೆಗೆ ಕಳಿಸುತ್ತಾರೆ. ಹೀಗೆ ಸುತ್ತು ಸುತ್ತಾಗಿ 25 ಸ್ಥಾನ ತುಂಬುವ ತನಕ ನಡೆಯುತ್ತದೆ. ಅಭ್ಯರ್ಥಿಗಳು ಹೆಚ್ಚಿದ್ದಷ್ಟೂ ಎಣಿಕೆಯ ಸುತ್ತುಗಳೂ ಹೆಚ್ಚು. ಎಣಿಕೆ ದಿನಗಟ್ಟಲೆ ಎಳೆಯುವುದು ಇದಕ್ಕೇ.

ಇಷ್ಟೆಲ್ಲ ಯಾಕೆ ಬೇಕು? ಸಾದಾ ಮತದಾನ ಆಗಿದ್ದರೆ, ವಕೀಲರ ಸಂಖ್ಯೆ ಎಲ್ಲಿ ಜಾಸ್ತಿಯೋ ಆ ಊರೇ 25 ಸ್ಥಾನವನ್ನೂ ಬಾಚಿಕೊಳ್ಳಬಹುದಿತ್ತು. ಈ ಪದ್ಧತಿಯಲ್ಲಿ ಚದುರಿ ಹೋದ ಸಣ್ಣ ಊರುಗಳ ವಕೀಲರೂ ಒಟ್ಟಾದರೆ ತಮ್ಮವರೊಬ್ಬರನ್ನು ಗೆಲ್ಲಿಸಿಕೊಳ್ಳಬಹುದು.

ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಈ ಪದ್ಧತಿಯೊಂದೇ ಸಾಕಾಗಲಿಲ್ಲ. ಕೋರ್ಟುಗಳಲ್ಲಿ ವಕೀಲೆಯರ ಸಂಖ್ಯೆ ಏರಿದಷ್ಟು ಪರಿಷತ್ತುಗಳಲ್ಲಿ ಏರಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಚುನಾವಣೆ ಇನ್ನೂ ಘೋಷಣೆಯಾಗದ ರಾಜ್ಯ ಪರಿಷತ್ತುಗಳಲ್ಲಿ ಶೇ 30ರಷ್ಟು ಸ್ಥಾನ ಮಹಿಳೆಯರಿಗೆ ಸಿಗಬೇಕೆಂದು ಹೇಳಿತು. ತಡವಾಗಿ ಬಂದ ನ್ಯಾಯ ಇದು. ಆದರೂ ಬಂತಲ್ಲ ಅಂತ ಸಂತೋಷ.

ಕೆಲಸ ನಡೆಯುವುದು ಸಮಿತಿಗಳಲ್ಲಿ

25 ಜನ ಒಟ್ಟಿಗೆ ಕೂತು ಪ್ರತಿಯೊಂದು ಅರ್ಜಿ ನೋಡಲಾಗುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆಗೆ ಕೆಲವರು, ಬಡಿಸಲು ಕೆಲವರು, ನೆಂಟರನ್ನು ಎದುರುಗೊಳ್ಳಲು ಕೆಲವರು ಎಂದು ಹಂಚಿಕೊಳ್ಳುವುದಿಲ್ಲವೇ, ಹಾಗೆ. ಕೆಲವು ಸಮಿತಿಗಳನ್ನು ಕಾಯ್ದೆಯೇ ಹೆಸರಿಸಿದೆ. ಉಳಿದವನ್ನು ಪರಿಷತ್ತು ತನಗೆ ಬೇಕಾದಂತೆ ಮಾಡಿಕೊಳ್ಳಬಹುದು.

ಐದು ಸದಸ್ಯರ ಕಾರ್ಯಕಾರಿ ಸಮಿತಿ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತದೆ. ಬಡವರಿಗೆ ಕಾನೂನು ನೆರವು ಕೊಡಲು ಐದರಿಂದ ಒಂಬತ್ತು ಸದಸ್ಯರ ಸಮಿತಿ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಉಚಿತವಾಗಿ ವಕೀಲರು ಬೇಕಾದವರು ಇವತ್ತು ಹೋಗಬೇಕಾದದ್ದು ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಬೇರೊಂದು ಕಾಯ್ದೆಯಿಂದ ಬಂದ ಸಂಸ್ಥೆ ಅದು. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಇದನ್ನು ಇಲ್ಲಿ ಹೇಳುತ್ತಿರುವುದು ಯಾಕೆಂದರೆ ದೊಡ್ಡಮ್ಮನಂಥ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ನೋಂದಣಿ ಸಮಿತಿಯಲ್ಲಿ ಮೂವರು. ಕಾನೂನು ಪದವಿ ಮುಗಿಸಿ ಬಂದ ಹುಡುಗ ಹುಡುಗಿಯರ ಅರ್ಜಿ ಇವರ ಮುಂದೆ ಬರುತ್ತದೆ. ಅಂಕಪಟ್ಟಿ ಅಸಲಿಯೇ, ಬೇರೆ ಕಡೆ ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದಾರೆಯೇ, ಕ್ರಿಮಿನಲ್ ಶಿಕ್ಷೆ ಏನಾದರೂ ಆಗಿದೆಯೇ ಎಂದು ನೋಡುತ್ತಾರೆ. ಸರಿ ಇದ್ದರೆ ಹೆಸರು ರಾಜ್ಯದ ವಕೀಲರ ಪಟ್ಟಿಗೆ ಸೇರುತ್ತದೆ. ಒಪ್ಪದಿದ್ದರೆ ಸಮಿತಿ ತಾನೇ ತಳ್ಳಿಹಾಕುವಂತಿಲ್ಲ. ಕಾರಣ ಬರೆದು ಭಾರತೀಯ ಪರಿಷತ್ತಿನ ಅಭಿಪ್ರಾಯ ಕೇಳಿ, ಅದರಂತೆ ನಡೆಯಬೇಕು.

ಪಟ್ಟಿಗೆ ಸೇರಿದವರಿಗೆ ಒಂದು ನಂಬರು ಸಿಗುತ್ತದೆ. ನಿಮ್ಮ ಕೇಸಿನ ವಕಾಲತ್ತನ್ನು, ಅಂದರೆ ನಿಮ್ಮ ಪರ ವಾದಿಸಲು ವಕೀಲರಿಗೆ ಸಹಿ ಮಾಡಿ ಕೊಟ್ಟ ಪತ್ರವನ್ನು, ಒಮ್ಮೆ ತೆಗೆದು ನೋಡಿ. ವಕೀಲರ ಸಹಿಯ ಆಸುಪಾಸಿನಲ್ಲಿ ಕೆಎಆರ್ ಎಂದು ಶುರುವಾಗುವ ಒಂದು ನಂಬರು ಇರುತ್ತದೆ. ಕೊನೆಯಲ್ಲಿರುವುದು ಅವರು ನೋಂದಣಿಯಾದ ಇಸವಿ. ಪರಿಷತ್ತಿನ ಜೊತೆ ಯಾವುದೇ ವ್ಯವಹಾರಕ್ಕೆ ಈ ನಂಬರು ಬೇಕು. ವಕೀಲರ ಹೆಸರು ಇಬ್ಬರಿಗೆ ಒಂದೇ ಇರಬಹುದು, ನಂಬರು ಇರುವುದಿಲ್ಲ.

ನೋಂದಣಿಯ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. 2010ರಲ್ಲಿ ಭಾರತೀಯ ಪರಿಷತ್ತು ಈ ನಿಯಮ ತಂದಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಶಿಸ್ತು ಸಮಿತಿ: ದೂರು ಹೋಗುವ ಜಾಗ

ನಮಗೆ, ಅಂದರೆ ಕಕ್ಷಿದಾರರಿಗೆ, ಬೇಕಾದದ್ದು ಈ ಸಮಿತಿ. ಇದರಲ್ಲೂ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು. ಮೂರನೆಯವರು ಪರಿಷತ್ತಿನ ಹೊರಗಿನ, ಕನಿಷ್ಠ 10 ವರ್ಷ ಪಟ್ಟಿಯಲ್ಲಿರುವ ವಕೀಲರು. ಮೂವರಲ್ಲಿ ಯಾರು ಹಿರಿಯರೋ ಅವರೇ ಸಮಿತಿಯ ಅಧ್ಯಕ್ಷರು. ದೂರುಗಳು ಜಾಸ್ತಿ ಇರುವುದರಿಂದ ಇಂಥ ಒಂದಕ್ಕಿಂತ ಹೆಚ್ಚು ಸಮಿತಿಗಳನ್ನು ಮಾಡಬಹುದು.

ಹೆಸರು ಸಮಿತಿ ಅಂತಿದ್ದರೂ ನಡೆಯುವುದು ಕೋರ್ಟಿನ ಹಾಗೆಯೇ. ಸಾಕ್ಷಿಗಳಿಗೆ ಸಮನ್ಸ್ ಕಳಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು, ದಾಖಲೆ ತರಿಸಬಹುದು. ಸಿವಿಲ್ ಕೋರ್ಟಿಗಿರುವ ಅಧಿಕಾರಗಳನ್ನು ಕಾಯ್ದೆ ಇದಕ್ಕೂ ಕೊಟ್ಟಿದೆ.

ದೂರು ಯಾವುದರ ಮೇಲೆ ಕೊಡಬಹುದು? ಕೇಸು ಸೋತದ್ದಕ್ಕೆ ಅಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಡಾಕ್ಟರು ಕಷ್ಟಪಟ್ಟರೂ ರೋಗ ವಾಸಿಯಾಗದೇ ಇರಬಹುದು, ವಕೀಲರು ಚೆನ್ನಾಗಿ ವಾದಿಸಿದರೂ ಕೇಸು ಬೀಳಬಹುದು. ದೂರಿಗೆ ಬೇಕಾದದ್ದು ವೃತ್ತಿಗೆ ತಕ್ಕುದಲ್ಲದ ನಡತೆ. ಆ ನಡತೆಯ ನಿಯಮಗಳನ್ನು ಭಾರತೀಯ ಪರಿಷತ್ತು ಬರೆದಿಟ್ಟಿದೆ. ಕೆಲವು ಹೇಳುತ್ತೇನೆ. ‘ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು’ ಎಂದು ಫೀಸು ಮಾತಾಡುವಂತಿಲ್ಲ. ಕಕ್ಷಿದಾರರ ಹಣ ಕೈಗೆ ಬಂದರೆ ಲೆಕ್ಕ ಇಡಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ತಾವು ನಡೆಸಿದ ಕೇಸಿನಲ್ಲಿ ಹರಾಜಿಗೆ ಬಂದ ಆಸ್ತಿಯನ್ನು ತಾವೇ ಕೊಳ್ಳುವಂತಿಲ್ಲ. ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ.

ಇನ್ನು ದೊಡ್ಡಮ್ಮನ ವಿಷಯ. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳಬಹುದೇ? ಇಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ, 2000ದಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಗಿರವಿ ಅಂಗಡಿಯವರು ಒಡವೆ ಇಟ್ಟುಕೊಳ್ಳುವ ಹಾಗೆ ಕೇಸಿನ ಕಾಗದ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಕೇಳಿದರೂ ಕೊಡದಿದ್ದರೆ ಅದೇ ಒಂದು ದುರ್ನಡತೆ. ಫೀಸು ನಿಜವಾಗಿ ಬಾಕಿ ಇದ್ದರೆ ಅದನ್ನು ವಸೂಲಿ ಮಾಡಲು ಅವರಿಗೆ ಬೇರೆ ದಾರಿ ಇದೆ.

ದೂರು ಬರವಣಿಗೆಯಲ್ಲಿರಬೇಕು, ಸಹಿ ಮಾಡಿ ಸತ್ಯಾಪನೆ ಮಾಡಿರಬೇಕು. ಅಂದರೆ ಇದರಲ್ಲಿರುವುದು ನನಗೆ ತಿಳಿದಂತೆ ನಿಜ ಎಂಬ ಹೇಳಿಕೆ ಕೊನೆಯಲ್ಲಿರಬೇಕು. ನಿಗದಿಯಾದ ಶುಲ್ಕ ಕಟ್ಟಬೇಕು. ಪರಿಷತ್ತು ಅದನ್ನು ಓದಿ, ಬೇಕಿದ್ದರೆ ಆ ವಕೀಲರ ಉತ್ತರ ತರಿಸಿಕೊಂಡು, ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಮಾತ್ರ ಶಿಸ್ತು ಸಮಿತಿಗೆ ಕಳಿಸುತ್ತದೆ. ಅಲ್ಲಿ ವಿಚಾರಣೆಯ ದಿನ ಗೊತ್ತಾಗುತ್ತದೆ. ವಕೀಲರಿಗೂ ಅಡ್ವೊಕೇಟ್ ಜನರಲ್ ಅವರಿಗೂ ನೋಟಿಸು ಹೋಗುತ್ತದೆ.

ಕೊನೆಗೆ ನಾಲ್ಕರಲ್ಲಿ ಒಂದಾಗುತ್ತದೆ. ದೂರು ವಜಾ. ಅಥವಾ ಛೀಮಾರಿ. ಅಥವಾ ಇಷ್ಟು ಕಾಲ ಸನ್ನದು ಅಮಾನತು. ಅಥವಾ ಪಟ್ಟಿಯಿಂದಲೇ ಹೆಸರು ತೆಗೆಯುವುದು. ಅಮಾನತಾದ ವಕೀಲರು ಆ ಅವಧಿಯಲ್ಲಿ ದೇಶದ ಯಾವ ಕೋರ್ಟಿನಲ್ಲೂ ವಕೀಲಿಕೆ ಮಾಡುವಂತಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಗಮನಿಸಿ, ಈ ನಾಲ್ಕರಲ್ಲಿ ನಿಮಗೆ ಪರಿಹಾರದ ಹಣ ಕೊಡಿಸುವುದು ಇಲ್ಲ. ನಷ್ಟಕ್ಕೆ ಹಣ ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಗ್ರಾಹಕರ ಆಯೋಗದ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹಣವನ್ನೇ ನುಂಗಿದ್ದರೆ, ಸಹಿ ಫೋರ್ಜರಿ ಮಾಡಿದ್ದರೆ ಅದು ಅಪರಾಧ, ಆಗ ಪೊಲೀಸರ ಕೆಲಸ. ಅದರ ಜೊತೆಗೇ ಪರಿಷತ್ತಿಗೂ ದೂರು ಕೊಡಬಹುದು.

ಎಷ್ಟು ದಿನ ಹಿಡಿಯುತ್ತದೆ? ದೂರು ಬಂದ ಒಂದು ವರ್ಷದೊಳಗೆ ರಾಜ್ಯದ ಸಮಿತಿ ಮುಗಿಸಬೇಕು. ಮುಗಿಯದಿದ್ದರೆ ದೂರು ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಹೀಗಾಗಿ ದೂರು ಕೊಟ್ಟ ತಾರೀಕಿನ ಸ್ವೀಕೃತಿ ಚೀಟಿ ಜೋಪಾನವಾಗಿಡಿ. ಆ ಒಂದು ವರ್ಷದ ಲೆಕ್ಕ ಶುರುವಾಗುವುದು ಅಲ್ಲಿಂದ.

ದುಡ್ಡು ಎಲ್ಲಿಂದ ಬರುತ್ತದೆ

ಹೊಸ ವಕೀಲರು ಕಟ್ಟುವ ನೋಂದಣಿ ಶುಲ್ಕ ಪರಿಷತ್ತಿನ ಆದಾಯದ ಒಂದು ದೊಡ್ಡ ಮೂಲ. ಕಾಯ್ದೆಯ ಪ್ರಕಾರ ಇದು ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25. ಆದರೆ ದೇಶದ ಅನೇಕ ಪರಿಷತ್ತುಗಳು ಬೇರೆ ಬೇರೆ ಹೆಸರಿನಲ್ಲಿ ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದವು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. 750, ಇಲ್ಲವೇ 125, ಸ್ಟ್ಯಾಂಪ್ ಶುಲ್ಕ ಇದ್ದರೆ ಅದನ್ನು ಬಿಟ್ಟು ಅದಕ್ಕಿಂತ ಒಂದು ರೂಪಾಯಿಯೂ ನೋಂದಣಿಗಾಗಿ ಕೇಳುವಂತಿಲ್ಲ. ಹಿಂದೆ ಕಟ್ಟಿದ್ದನ್ನು ವಾಪಸ್ ಕೊಡಬೇಕಿಲ್ಲ, ಮುಂದಕ್ಕೆ ಮಾತ್ರ ಎಂದೂ ಹೇಳಿತು.

ಕೂಲಿ ಮಾಡಿ ಮಗಳನ್ನು ಓದಿಸಿದ ಅಪ್ಪನಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಯೋಚಿಸಿ. ಜೂನಿಯರ್ ಆಗಿ ಸೇರಿದ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ಬಸ್ ಚಾರ್ಜಿಗೆ ಸಾಕಾದರೆ ಹೆಚ್ಚು.

ಪರಿಷತ್ತಿನ ಲೆಕ್ಕಪತ್ರ ಪ್ರತಿ ವರ್ಷ ಆಡಿಟ್ ಆಗಬೇಕು, ಅದರ ಪ್ರತಿ ಭಾರತೀಯ ಪರಿಷತ್ತಿಗೆ ಹೋಗಬೇಕು, ರಾಜ್ಯಪತ್ರದಲ್ಲೂ ಪ್ರಕಟವಾಗಬೇಕು. ವಕೀಲರ ಕಲ್ಯಾಣ ನಿಧಿಯ ಲೆಕ್ಕ ಬೇರೆ. 1983ರ ಕರ್ನಾಟಕದ ಕಾಯ್ದೆಯೊಂದರಿಂದ ಅದು ನಡೆಯುತ್ತದೆ. ವಕಾಲತ್ತಿಗೆ ಹಚ್ಚಿರುವ ಪುಟ್ಟ ಸ್ಟ್ಯಾಂಪು ನೋಡಿದ್ದೀರಲ್ಲ, ಆ ಹಣ ಈ ನಿಧಿಗೆ ಹೋಗುತ್ತದೆ. ವಕೀಲರು ತೀರಿಕೊಂಡರೆ ಅವರ ಮನೆಯವರಿಗೆ ಅದರಿಂದ ನೆರವು ಸಿಗುತ್ತದೆ.

ಕೋರ್ಟ್ ಬಹಿಷ್ಕಾರ ಯಾರ ತೀರ್ಮಾನ?

‘ಇವತ್ತು ವಕೀಲರು ಕಲಾಪಕ್ಕೆ ಬರಲ್ಲ’ ಅನ್ನುವ ಮಾತು ಕೇಳಿ ಬಸ್ಸು ಹತ್ತಿ ವಾಪಸ್ ಹೋದವರಿಗೆ ಈ ಪ್ರಶ್ನೆ ಬಂದೇ ಇರುತ್ತದೆ. ಸಾಮಾನ್ಯವಾಗಿ ಇಂಥ ತೀರ್ಮಾನ ಮಾಡುವುದು ಸ್ಥಳೀಯ ಸಂಘ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ, ಬಹಿಷ್ಕಾರಕ್ಕೆ ಕರೆ ಕೊಡುವ ಹಕ್ಕೂ ಇಲ್ಲ ಎಂದು 2002ರಲ್ಲಿ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈಗೆ ಪಟ್ಟಿ ಕಟ್ಟಿಕೊಳ್ಳಬಹುದು, ಕೋರ್ಟಿನ ಆವರಣದ ಹೊರಗೆ ಶಾಂತಿಯುತವಾಗಿ ಮೆರವಣಿಗೆ ಮಾಡಬಹುದು, ಪತ್ರಿಕಾ ಹೇಳಿಕೆ ಕೊಡಬಹುದು. ನ್ಯಾಯಾಂಗದ ಘನತೆ, ಸ್ವಾತಂತ್ರ್ಯವೇ ಪ್ರಶ್ನೆಯಾದ ತೀರಾ ಅಪರೂಪದ ಸಂದರ್ಭದಲ್ಲಿ ಹೆಚ್ಚೆಂದರೆ ಒಂದು ದಿನದ ಗೈರನ್ನು ಕೋರ್ಟು ಕಡೆಗಣಿಸಬಹುದು.

ವಕೀಲರ ಕಡೆಯ ಕಷ್ಟವೂ ಸುಳ್ಳಲ್ಲ. ಅವರ ಮೇಲೆ ಹಲ್ಲೆಗಳು ನಡೆದಿವೆ. ಅದಕ್ಕಾಗಿಯೇ ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆಯನ್ನು ಕರ್ನಾಟಕದ ಶಾಸಕಾಂಗ 2023ರ ಡಿಸೆಂಬರಿನಲ್ಲಿ ಒಪ್ಪಿತು.

ದೊಡ್ಡಮ್ಮನ ಕಟ್ಟು

ಹೊಸ ವಕೀಲರನ್ನು ಹುಡುಕಿದಾಗ ಅವರು ಮೊದಲು ಕೇಳಿದ್ದು ಹಳೆಯ ವಕೀಲರ ಒಪ್ಪಿಗೆ. ಒಬ್ಬರ ವಕಾಲತ್ತು ಇರುವ ಕೇಸಿಗೆ ಇನ್ನೊಬ್ಬರು ಹಾಗೇ ಇಳಿಯುವಂತಿಲ್ಲ, ಅದೂ ನಡತೆಯ ನಿಯಮವೇ. ಒಪ್ಪಿಗೆ ಸಿಗದಿದ್ದರೆ ಕಾರಣ ಬರೆದು ಕೋರ್ಟಿನ ಅನುಮತಿ ಕೇಳಬಹುದು. ನಾವು ಹಾಗೇ ಮಾಡಿದೆವು. ಜೊತೆಗೆ ಫೈಲು ವಾಪಸ್ ಕೇಳಿ ಹಳೆಯ ವಕೀಲರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿದೆವು. ಹದಿನೈದು ದಿನ ಕಾದೆವು. ಆ ಪತ್ರದ ಪ್ರತಿ, ಅಂಚೆಯ ರಸೀದಿ, ವಕಾಲತ್ತಿನಿಂದ ಬರೆದುಕೊಂಡ ನೋಂದಣಿ ನಂಬರು ಎಲ್ಲ ಸೇರಿಸಿ ದೂರು ಕಳಿಸಿದೆವು. ದೂರಿನಲ್ಲಿ ಬೈಗುಳ ಒಂದೂ ಇರಲಿಲ್ಲ. ಯಾವ ತಾರೀಕು ಏನಾಯಿತು ಅಷ್ಟೇ.

ವಕೀಲರಿಂದ ಉತ್ತರ ಕೇಳಿದ ಪತ್ರ ಹೋಗಿ ಸ್ವಲ್ಪ ದಿನಕ್ಕೆ ಅವರ ಜೂನಿಯರ್ ಹುಡುಗ ಮನೆ ಬಾಗಿಲಿಗೆ ಬಂದ. ಬಗಲಲ್ಲಿ ಕೆಂಪು ಟೇಪು ಕಟ್ಟಿದ ಕಟ್ಟು. ದೊಡ್ಡಮ್ಮ ಒಳಗೆ ಕರೆದು ಅವನಿಗೆ ಮಜ್ಜಿಗೆ ಕೊಟ್ಟರು. ಅವನು ಹೋದ ಮೇಲೆ ನನ್ನನ್ನು ಕೇಳಿದರು, ‘ಫೈಲು ಬಂತಲ್ಲ, ಇನ್ನು ಕಂಪ್ಲೇಂಟು ವಾಪಸ್ ತಗೋಬಹುದಾ?’

ಅದು ಅಷ್ಟು ಸುಲಭ ಅಲ್ಲ ಎಂದು ಹೇಳಿದೆ. ದೂರುದಾರರು ರಾಜಿಯಾದರು, ವಾಪಸ್ ಪಡೆದರು ಅನ್ನುವ ಒಂದೇ ಕಾರಣಕ್ಕೆ ದೂರಿನ ವಿಷಯ ಕೈಬಿಡುವಂತಿಲ್ಲ ಎಂದು ನಿಯಮವೇ ಇದೆ. ದೂರು ಕೊಟ್ಟ ಮೇಲೆ ಅದು ದೊಡ್ಡಮ್ಮನ ಮತ್ತು ಆ ವಕೀಲರ ನಡುವಿನ ಜಗಳ ಮಾತ್ರ ಆಗಿ ಉಳಿಯುವುದಿಲ್ಲ. ನಾಳೆ ಅದೇ ಆಫೀಸಿನ ಮೆಟ್ಟಿಲು ಹತ್ತುವವರ ವಿಷಯವೂ ಆಗುತ್ತದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟೇಪು ಬಿಚ್ಚಿ ಒಂದೊಂದೇ ಹಾಳೆ ತಿರುವತೊಡಗಿದರು. ಪಹಣಿಯ ನಕಲು, ದಾವೆಯ ಪ್ರತಿ, ದೊಡ್ಡಪ್ಪನ ಹೆಬ್ಬೆಟ್ಟಿನ ಗುರುತಿದ್ದ ಹಳೆಯ ಕ್ರಯಪತ್ರ. ಎಲ್ಲವೂ ಇದ್ದವು.